ಕಾರಿನ ಒಳಹೊದಿಕೆ: ಮನೆಯಲ್ಲೇ ಬಿಚ್ಚಿ ಹೊಸದಾಗಿಸುವ ಬಗೆ

ಬಂಪರ್ ಮೇಲೆ ಗೀರು ಬಿದ್ದರೆ ವಾರದೊಳಗೆ ಟಿಂಕರಿಂಗ್ ಅಂಗಡಿ ಸೇರುವ ಕಾರು, ಡೋರ್ ಪ್ಯಾಡ್ ಉಬ್ಬಿ ಬಿರಿದಿದ್ದರೂ ವರ್ಷಗಟ್ಟಲೆ ಹಾಗೆಯೇ ಓಡಾಡಿಕೊಂಡಿರುತ್ತದೆ. ಒಳಗೆ ಕೂತವರ ಕೈ, ಮೊಣಕೈ, ಕಣ್ಣು ದಿನವಿಡೀ ತಾಗುವುದು ಮಾತ್ರ ಈ ಒಳಮೈಗೇ. ಡೋರ್ ಪ್ಯಾಡ್, ಡ್ಯಾಶ್‌ಬೋರ್ಡಿನ ಬಿಡಿಭಾಗಗಳು, ಗಾಜುಗಳ ನಡುವಿನ ಕಂಬಗಳ ಹೊದಿಕೆ, ಗೇರ್ ಸುತ್ತಲಿನ ಕನ್ಸೋಲ್, ತಲೆಯ ಮೇಲಿನ ರೂಫ್ ಲೈನಿಂಗ್ ಎಲ್ಲ ಸೇರಿ ಒಳಹೊದಿಕೆ ಅನ್ನಿಸಿಕೊಳ್ಳುತ್ತವೆ. ಇವುಗಳಲ್ಲಿ ಬಹುಪಾಲನ್ನು ಮನೆಯಂಗಳದಲ್ಲೇ ಬಿಚ್ಚಿ, ಸರಿಪಡಿಸಿ, ಮತ್ತೆ ಕೂರಿಸಬಹುದು. ಬಣ್ಣ ಹೊಡೆಯುವುದು ಈ ಕೆಲಸದ ಅತಿ ಚಿಕ್ಕ ಭಾಗ. ಅದಕ್ಕೆ ಮುಂಚೆ ತೊಳೆಯುವುದಕ್ಕೆ, ಉಜ್ಜುವುದಕ್ಕೆ ಹಿಡಿಯುವ ಹೊತ್ತೇ ಹೆಚ್ಚು. ಹಚ್ಚಿದ ಬಣ್ಣ ವರ್ಷಗಟ್ಟಲೆ ನಿಲ್ಲುತ್ತದೋ, ಮುಂದಿನ ಬೇಸಿಗೆಗೆ ಸಿಪ್ಪೆಯಂತೆ ಸುಲಿಯುತ್ತದೋ ಎಂಬುದು ತೀರ್ಮಾನವಾಗುವುದೂ ಅಲ್ಲಿಯೇ.

ಹಿಂಬದಿಯ ಗುರುತು

ಕೆಲಸ ಶುರು ಮಾಡುವ ಮುನ್ನ ಹೊದಿಕೆ ಯಾವುದರಿಂದ ಆಗಿದೆಯೆಂದು ತಿಳಿಯಬೇಕು. ಹೊಸ ಕಾರುಗಳಲ್ಲಿ ಇದು ಸುಲಭ. ಬಿಚ್ಚಿದ ಭಾಗವನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ, ಎರಡು ಕೋನ ಚಿಹ್ನೆಗಳ ನಡುವೆ ಅದರ ಪ್ಲಾಸ್ಟಿಕ್ಕಿನ ಹೆಸರು ಅಚ್ಚಾಗಿರುತ್ತದೆ. ಎಬಿಎಸ್ ಎಂದಿದ್ದರೆ ಅದು ಗಟ್ಟಿಯಾದ, ಬಣ್ಣವನ್ನು ಚೆನ್ನಾಗಿ ಹಿಡಿಯುವ ಪ್ಲಾಸ್ಟಿಕ್. ಪಿಪಿ ಎಂದಿದ್ದರೆ ಪಾಲಿಪ್ರೊಪಿಲೀನ್. ಅಗ್ಗ, ಹಗುರ, ಸುಲಭಕ್ಕೆ ಮುರಿಯದು, ಆದರೆ ಮೈಮೇಲೆ ಏನನ್ನೂ ಅಂಟಗೊಡದು. ಪಿಪಿ-ಟಿಡಿ20 ಎಂಬ ಗುರುತಿದ್ದರೆ ಅದೇ ಪಾಲಿಪ್ರೊಪಿಲೀನಿಗೆ ಶೇಕಡಾ 20ರಷ್ಟು ಟಾಲ್ಕ್ ಪುಡಿ ಬೆರೆಸಿದ್ದಾರೆಂದು ಅರ್ಥ. ಈಚಿನ ಸಣ್ಣ ಕಾರುಗಳ ಡೋರ್ ಪ್ಯಾಡುಗಳಲ್ಲಿ ಪಿಪಿಯೇ ಹೆಚ್ಚು.

ಹಳೆಯ ಕಾರುಗಳ ಕತೆ ಬೇರೆ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದು 2014ರ ಜನವರಿಯವರೆಗೆ ತಯಾರಾದ ಮಾರುತಿ 800 ಇವತ್ತಿಗೂ ಊರೂರಲ್ಲಿ ಓಡುತ್ತಿದೆ. ಅದರ ಹಳೆಯ ಮಾದರಿಗಳ ಡೋರ್ ಪ್ಯಾಡ್ ಎಂದರೆ ಒಂದು ತೆಳು ಹಾರ್ಡ್‌ಬೋರ್ಡ್ ಹಲಗೆ, ಅದರ ಮೇಲೆ ಬಿಗಿದ ರೆಕ್ಸಿನ್. ಮನೆಯಲ್ಲಿ ಕೈ ಪಳಗಿಸಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲ. ಒಳಗಿನ ಪ್ರತಿಯೊಂದು ಜೋಡಣೆಯೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ.

ಬಿಸಿಲು, ತೇವ, ಪಾಲಿಶ್

ಒಳಹೊದಿಕೆಯ ಮೊದಲ ಶತ್ರು ಬಿಸಿಲು. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು ತಮ್ಮೂರಿನ ಕಡುಬೇಸಿಗೆಯಲ್ಲಿ ನಿಲ್ಲಿಸಿದ ಕಾರುಗಳನ್ನು ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಗಂಟೆ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ನಮ್ಮ ಕಲಬುರಗಿ, ರಾಯಚೂರುಗಳ ಏಪ್ರಿಲ್ ಬಿಸಿಲೇನೂ ಕಡಿಮೆಯದಲ್ಲ. ಇಷ್ಟು ಕಾವಿಗೆ ರೆಕ್ಸಿನ್ನನ್ನು ಮೆದುವಾಗಿಟ್ಟಿರುವ ಎಣ್ಣೆಯಂಥ ವಸ್ತು ನಿಧಾನವಾಗಿ ಆವಿಯಾಗಿ ಹೊರಬೀಳುತ್ತದೆ. ಮುಂದಿನ ಗಾಜಿನ ಒಳಬದಿಗೆ ಮಂಜಿನಂತೆ ಕೂರುವ ಜಿಡ್ಡಿನಲ್ಲಿ ಇದೂ ಇರುತ್ತದೆ. ಎಣ್ಣೆ ಹೋದ ರೆಕ್ಸಿನ್ ಒಣಗುತ್ತದೆ, ಕುಗ್ಗುತ್ತದೆ, ಬಿರಿಯುತ್ತದೆ. ಹೋದ ಎಣ್ಣೆಯನ್ನು ಯಾವ ಪಾಲಿಶೂ ವಾಪಸ್ ತುಂಬುವುದಿಲ್ಲ.

ಎರಡನೆಯದು ತೇವ. ಇದರ ಪೆಟ್ಟು ಕರಾವಳಿ ಮತ್ತು ಮಲೆನಾಡಿನ ಕಾರುಗಳಿಗೆ ಹೆಚ್ಚು. ಮುಂದೆ ಅದರ ಮಾತು ಬರುತ್ತದೆ.

ಮೂರನೆಯ ಶತ್ರುವನ್ನು ನಾವೇ ಪ್ರೀತಿಯಿಂದ ಹಚ್ಚಿರುತ್ತೇವೆ. ಪ್ರತಿ ಸರ್ವಿಸ್‌ನಲ್ಲೂ ಡ್ಯಾಶ್‌ಬೋರ್ಡ್ ಮತ್ತು ಡೋರ್ ಪ್ಯಾಡುಗಳಿಗೆ ಬಳಿದು ಕೊಡುವ ಮಿರಮಿರ ಮಿನುಗುವ ಪಾಲಿಶ್‌ಗಳಲ್ಲಿ ಅನೇಕವು ಸಿಲಿಕೋನ್ ಎಣ್ಣೆಯವು. ಬಳಕೆಯಲ್ಲಿ ಇದರಿಂದ ದೊಡ್ಡ ಹಾನಿಯಿಲ್ಲ, ಧೂಳು ಹಿಡಿಯುತ್ತದೆ ಅಷ್ಟೆ. ಬಣ್ಣ ಹಚ್ಚಲು ಹೊರಟಾಗ ಮಾತ್ರ ಇದು ಎದುರಿಗೆ ನಿಲ್ಲುತ್ತದೆ. ಸಿಲಿಕೋನ್ ಚೂರೇಚೂರು ಉಳಿದ ಕಡೆಯಿಂದಲೂ ಹಸಿಬಣ್ಣ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಂಡನೆಯ ಕುಳಿಗಳಾಗುತ್ತವೆ. ಹಳೆಯ ಕಾರಿನ ಮೇಲೆ ವರ್ಷಗಳ ಪಾಲಿಶ್ ಪದರಪದರವಾಗಿ ಕೂತಿರುತ್ತದೆ ಎಂದು ತಿಳಿದೇ ಹೊರಡುವುದು ಒಳ್ಳೆಯದು.

ಏರ್‌ಬ್ಯಾಗ್ ಇರುವಲ್ಲಿ

ಭಾರತದಲ್ಲಿ 2019ರ ಜುಲೈನಿಂದ ಚಾಲಕನ ಬದಿಗೆ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಆದ್ದರಿಂದ ಈಚಿನ ಯಾವ ಕಾರಿನ ಒಳಹೊದಿಕೆಗೆ ಕೈಹಾಕುವಾಗಲೂ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಬಿಚ್ಚಿದ ಕೂಡಲೇ ಕೆಲಸ ಶುರು ಮಾಡುವಂತಿಲ್ಲ. ಅಪಘಾತದಲ್ಲಿ ಬ್ಯಾಟರಿ ಕಡಿದುಹೋದರೂ ಚೀಲ ಉಬ್ಬಲೆಂದು ಏರ್‌ಬ್ಯಾಗ್ ಘಟಕವು ಒಂದಷ್ಟು ವಿದ್ಯುತ್ತನ್ನು ಒಳಗೇ ಕೂಡಿಟ್ಟಿರುತ್ತದೆ. ಎಷ್ಟು ಹೊತ್ತು ಕಾಯಬೇಕೆಂದು ಆಯಾ ಕಾರಿನ ಕೈಪಿಡಿ ಹೇಳುತ್ತದೆ. ಹತ್ತು ನಿಮಿಷ ಸುಮ್ಮನಿದ್ದರೆ ನಷ್ಟವೇನಿಲ್ಲ.

ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಅದನ್ನು ಕೀಳುವುದಾಗಲಿ, ಮೀಟರ್ ಇಟ್ಟು ಪರೀಕ್ಷಿಸುವುದಾಗಲಿ ಬೇಡ. ಮುಂದಿನ ಕಂಬದ ಹೊದಿಕೆಯ ಮೇಲೆ ಏರ್‌ಬ್ಯಾಗ್ ಎಂಬ ಅಕ್ಷರ ಅಚ್ಚಾಗಿದ್ದರೆ ಅದರ ಹಿಂದೆ ಪರದೆಯಂತೆ ಇಳಿಯುವ ಚೀಲವಿದೆ. ಅಂಥ ಹೊದಿಕೆಗಳ ಕ್ಲಿಪ್ಪುಗಳನ್ನು ಹಲವು ಕಾರುಗಳಲ್ಲಿ ಒಮ್ಮೆ ಬಿಚ್ಚಿದರೆ ಹೊಸದನ್ನೇ ಹಾಕಬೇಕು. ಸ್ಟೀರಿಂಗ್ ನಡುವಿನ ಮುಚ್ಚಳ ಮತ್ತು ಪಕ್ಕದವರ ಮುಂದಿನ ಡ್ಯಾಶ್‌ಬೋರ್ಡ್ ಭಾಗಕ್ಕೆ ಬಣ್ಣ, ಪುಟ್ಟಿ, ಬಟ್ಟೆ ಯಾವುದನ್ನೂ ಹಚ್ಚಬಾರದು. ಚೀಲ ಉಬ್ಬುವಾಗ ನಿರ್ದಿಷ್ಟ ಗೆರೆಯಲ್ಲೇ ಹರಿಯಲೆಂದು ಅಲ್ಲಿ ಪ್ಲಾಸ್ಟಿಕ್ಕನ್ನು ಒಳಗಿನಿಂದ ತೆಳುಮಾಡಿರುತ್ತಾರೆ. ಅದರ ಮೇಲೆ ಕೂತ ಗಟ್ಟಿ ಪದರ ಸಿಡಿದರೆ ಚೂರುಗಳು ಮುಖಕ್ಕೆ ಬರುತ್ತವೆ. ಈ ವಿಷಯದಲ್ಲಿ ಅಂದಕ್ಕೆ ಜಾಗವೇ ಇಲ್ಲ.

ಡೋರ್ ಪ್ಯಾಡ್ ಬಿಚ್ಚುವುದು

ಕೈಯಿಂದ ತಿರುಗಿಸಿ ಗಾಜು ಏರಿಸುವ ಬಾಗಿಲನ್ನೇ ತೆಗೆದುಕೊಳ್ಳೋಣ. ಮೊದಲು ಗಾಜನ್ನು ಪೂರ್ತಿ ಏರಿಸಿ, ಹ್ಯಾಂಡಲ್ ಯಾವ ಕೋನದಲ್ಲಿ ನಿಂತಿದೆಯೆಂದು ಮೊಬೈಲಿನಲ್ಲಿ ಒಂದು ಫೋಟೊ ಹಿಡಿಯಬೇಕು. ಮರಳಿ ಹಾಕುವಾಗ ಅದೇ ಕೋನ ಬೇಕು, ಇಲ್ಲದಿದ್ದರೆ ಮೊಣಕಾಲಿಗೆ ತಾಗುತ್ತದೆ. ಆಮೇಲೆ ಬಾಗಿಲು ಎಳೆಯುವ ಹಿಡಿಯ ಸ್ಕ್ರೂಗಳು. ಇವು ಎಷ್ಟೋ ಕಾರುಗಳಲ್ಲಿ ಸಣ್ಣ ಪ್ಲಾಸ್ಟಿಕ್ ಮುಚ್ಚಳದಡಿ ಅಡಗಿರುತ್ತವೆ. ಒಳಗಿನ ಲಾಕ್ ಹಿಡಿಯ ಸುತ್ತಲಿನ ಚೌಕಟ್ಟನ್ನು ಜಾರಿಸಿ ತೆಗೆಯಬೇಕು.

ಗಾಜಿನ ಹ್ಯಾಂಡಲ್‌ನಲ್ಲಿ ಹೊರಗೆ ಸ್ಕ್ರೂ ಕಾಣದಿದ್ದರೆ ಹೊಸಬರು ಗಾಬರಿಯಾಗುತ್ತಾರೆ. ಹ್ಯಾಂಡಲ್‌ಗೂ ಪ್ಯಾಡಿಗೂ ನಡುವೆ ಒಂದು ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. ಪ್ಯಾಡನ್ನು ಅಂಗೈಯಿಂದ ಒಳಕ್ಕೆ ಒತ್ತಿ ಆ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೆ, ಕುದುರೆಲಾಳದ ಆಕಾರದ ಒಂದು ಸ್ಪ್ರಿಂಗ್ ತಂತಿಯ ಎರಡು ಕಾಲುಗಳು ಕಾಣುತ್ತವೆ. ಹ್ಯಾಂಡಲ್ಲನ್ನು ಹಿಡಿದಿಟ್ಟಿರುವುದು ಅದೊಂದೇ. ಹಳೆಯ ಪಂಚೆಯ ಒಂದು ಪಟ್ಟಿಯನ್ನು ಸಂದಿಯೊಳಗೆ ತೂರಿಸಿ, ಎರಡೂ ತುದಿ ಹಿಡಿದು, ಬೂಟು ಪಾಲಿಶ್ ಮಾಡುವಂತೆ ಎಡಕ್ಕೂ ಬಲಕ್ಕೂ ಎಳೆದಾಡಬೇಕು. ನಾಲ್ಕಾರು ಎಳೆತಕ್ಕೆ ಬಟ್ಟೆ ಆ ಕಾಲುಗಳಿಗೆ ಸಿಕ್ಕಿ ತಂತಿ ಚಂಗನೆ ಹಾರುತ್ತದೆ. ಅದು ಹಾರುವ ದಿಕ್ಕಿಗೆ ಇನ್ನೊಬ್ಬರು ಒಂದು ಟವೆಲ್ ಹಿಡಿದಿದ್ದರೆ ಸೀಟಿನಡಿ ಹುಡುಕುವ ಕೆಲಸ ತಪ್ಪುತ್ತದೆ. ಮರಳಿ ಹಾಕುವುದು ಇನ್ನೂ ಸುಲಭ: ತಂತಿಯನ್ನು ಮೊದಲೇ ಹ್ಯಾಂಡಲ್‌ಗೆ ಸಿಕ್ಕಿಸಿ, ಹಲ್ಲುಗಳ ಮೇಲೆ ಕೂರಿಸಿ, ಅಂಗೈಯಿಂದ ಒಂದು ಪೆಟ್ಟು ಕೊಟ್ಟರೆ ಸಾಕು.

ಇನ್ನು ಉಳಿಯುವುದು ಅಂಚಿನ ಸುತ್ತಲಿನ ಕ್ಲಿಪ್ಪುಗಳು. ಇವುಗಳನ್ನು ಎಬ್ಬಲು ಪ್ಲಾಸ್ಟಿಕ್ಕಿನ ಅಗಲ ತುದಿಯ ಸಲಕರಣೆ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಅಗಲ ಸ್ಕ್ರೂಡ್ರೈವರ್‌ನ ತುದಿಗೆ ಇನ್ಸುಲೇಶನ್ ಟೇಪು ಸುತ್ತಿಕೊಳ್ಳಬಹುದು. ಸಲಕರಣೆಯನ್ನು ಕ್ಲಿಪ್ಪಿನ ಪಕ್ಕದಲ್ಲೇ ಇಟ್ಟು ಎಬ್ಬಬೇಕು. ಎರಡು ಕ್ಲಿಪ್ಪುಗಳ ನಡುವೆ ಇಟ್ಟರೆ ಹಲಗೆ ಬಾಗುತ್ತದೆ, ಹಾರ್ಡ್‌ಬೋರ್ಡ್ ಆದರೆ ಕ್ಲಿಪ್ಪಿನ ತೂತೇ ಹರಿಯುತ್ತದೆ. ಹಳೆಯ ಪ್ಲಾಸ್ಟಿಕ್ ಚಳಿಗೆ ಚಟ್ಟನೆ ಮುರಿಯುವುದರಿಂದ ಡಿಸೆಂಬರ್ ಮುಂಜಾನೆ ಈ ಕೆಲಸ ಬೇಡ. ಕಾರನ್ನು ಸ್ವಲ್ಪ ಹೊತ್ತು ಎಳೆಬಿಸಿಲಲ್ಲಿ ನಿಲ್ಲಿಸಿದರೆ ಕ್ಲಿಪ್ಪುಗಳು ಬಗ್ಗುತ್ತವೆ. ಕೆಳಗಿನಿಂದ ಶುರುಮಾಡಿ ಎರಡೂ ಬದಿ ಬಿಡಿಸಿಕೊಂಡು, ಕೊನೆಗೆ ಇಡೀ ಪ್ಯಾಡನ್ನು ಮೇಲಕ್ಕೆತ್ತಿದರೆ ಗಾಜಿನಂಚಿನ ಕೊಕ್ಕೆಯಿಂದ ಕಳಚಿಕೊಳ್ಳುತ್ತದೆ. ಪವರ್ ವಿಂಡೋ ಇದ್ದರೆ ಒಮ್ಮೆಲೇ ಎಳೆಯಬಾರದು, ಹಿಂದೆ ತಂತಿಗಳಿವೆ.

ಸ್ಕ್ರೂಗಳಿಗೆ ಒಂದು ರಟ್ಟು ಸಾಕು. ರಟ್ಟಿನ ಮೇಲೆ ಬಾಗಿಲಿನ ಚಿತ್ರ ಬರೆದು, ಎಲ್ಲಿ ಬಿಚ್ಚಿದ್ದೋ ಅದೇ ಜಾಗಕ್ಕೆ ಆ ಸ್ಕ್ರೂ ಚುಚ್ಚಿಟ್ಟರೆ ಉದ್ದದ್ದು, ಗಿಡ್ಡದ್ದು ಅದಲುಬದಲಾಗುವುದಿಲ್ಲ. ಗಿಡ್ಡ ಸ್ಕ್ರೂವಿನ ಜಾಗಕ್ಕೆ ಉದ್ದದ್ದು ಹೋದರೆ ತುದಿ ಹೊರಮೈಯ ತಗಡಿಗೆ ಗುಬುಟು ಮೂಡಿಸೀತು.

ಬಾಗಿಲೊಳಗಿನ ನೀರು

ಪ್ಯಾಡ್ ಕಳಚಿದರೆ ಹಿಂದೆ ತೆಳು ಪ್ಲಾಸ್ಟಿಕ್ ಹಾಳೆಯೊಂದು ಕಪ್ಪು ಅಂಟಿನಿಂದ ತಗಡಿಗೆ ಅಂಟಿರುತ್ತದೆ. ಧೂಳಿಗೆಂದು ಹಾಕಿದ ಕವರು ಎಂದುಕೊಂಡು ಅನೇಕರು ಇದನ್ನು ಹರಿದು ಎಸೆಯುತ್ತಾರೆ. ಡೋರ್ ಪ್ಯಾಡ್ ಉಬ್ಬಿದ ಹಳೆಯ ಕಾರನ್ನು ಬಿಚ್ಚಿ ನೋಡಿದರೆ ಈ ಹಾಳೆ ಇರುವುದಿಲ್ಲ, ಇಲ್ಲವೇ ಸ್ಪೀಕರ್ ಹಾಕಿದವರು ಅದನ್ನು ನಡುವೆ ಕತ್ತರಿಸಿರುತ್ತಾರೆ.

ಮಳೆ ಬಂದಾಗ ಗಾಜಿನ ಹೊರಮೈಯಲ್ಲಿ ಇಳಿಯುವ ನೀರು ರಬ್ಬರ್ ಪಟ್ಟಿಯನ್ನು ದಾಟಿ ಬಾಗಿಲೊಳಗೆ ಬಂದೇ ಬರುತ್ತದೆ. ಕಾರು ಮಾಡುವವರಿಗೆ ಇದು ಗೊತ್ತು. ಆ ನೀರು ಕೆಳಗಿಳಿದು ಬಾಗಿಲ ತಳದ ತೂತುಗಳಿಂದ ಹೊರಹೋಗಲಿ, ನಡುವೆ ಪ್ಯಾಡಿಗೆ ತಾಗದಿರಲಿ ಎಂದೇ ಈ ಹಾಳೆ. ಆಗುಂಬೆಯ ಮಳೆಗಾಲದಲ್ಲಿ ಹಾಳೆಯಿಲ್ಲದ ಬಾಗಿಲಿನ ಹಾರ್ಡ್‌ಬೋರ್ಡ್ ನೀರು ಕುಡಿದು ಊದಿಕೊಳ್ಳದೆ ಏನಾದೀತು?

ಹರಿದಿದ್ದರೆ ದಪ್ಪ ಪಾಲಿಥೀನ್ ಹಾಳೆಯನ್ನು ಅಳತೆಗೆ ಕತ್ತರಿಸಿ, ಬ್ಯೂಟೈಲ್ ಟೇಪಿನಿಂದ ಸುತ್ತಲೂ ಅಂಟಿಸಬೇಕು. ಹಳೆಯ ಹಾಳೆಯ ಕೆಳಗಿನಂಚು ತಗಡಿನ ಸೀಳಿನ ಮೂಲಕ ಬಾಗಿಲೊಳಗೆ ತೂರಿತ್ತೇ ಎಂದು ನೋಡಿ, ಹೊಸದನ್ನೂ ಹಾಗೆಯೇ ತೂರಿಸಬೇಕು. ಹಾಳೆಯ ಮೇಲೆ ಹರಿದ ನೀರು ಆಗ ಮಾತ್ರ ಒಳಗೇ ಬೀಳುತ್ತದೆ. ತಳದ ತೂತುಗಳಲ್ಲಿ ಕೆಸರು ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಬೇಕು. ಅವು ಮುಚ್ಚಿದ್ದರೆ ಬಾಗಿಲಿನ ತಗಡೂ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಇಷ್ಟು ಮಾಡದೆ ಪ್ಯಾಡಿಗೆ ಹೊಸ ರೆಕ್ಸಿನ್ ಹೊದಿಸಿದರೆ ಮುಂದಿನ ಆಷಾಢ ಮುಗಿಯುವಷ್ಟರಲ್ಲಿ ಅದೇ ಉಬ್ಬು ಮರಳುತ್ತದೆ.

ಹಲಗೆ ಮತ್ತು ರೆಕ್ಸಿನ್

ಊದಿದ ಹಾರ್ಡ್‌ಬೋರ್ಡ್ ಮೊದಲಿನಂತೆ ಆಗುವುದಿಲ್ಲ. ಹಳೆಯದನ್ನೇ ಅಚ್ಚಾಗಿಟ್ಟು ಹೊಸ ಹಲಗೆಯ ಮೇಲೆ ಗೆರೆ ಎಳೆದು, ಕ್ಲಿಪ್ಪಿನ ತೂತುಗಳನ್ನೂ ಗುರುತಿಸಿ ಕೊಯ್ಯಬೇಕು. ದಪ್ಪ ಹಳೆಯದರಷ್ಟೇ ಇರಬೇಕು. ಹೆಚ್ಚಾದರೆ ಕ್ಲಿಪ್ಪು ಕಚ್ಚುವುದಿಲ್ಲ. ಕೊಯ್ದ ಅಂಚು, ತೂತುಗಳ ಒಳಗು, ಹಿಂಬದಿ ಎಲ್ಲಕ್ಕೂ ಎರಡು ಕೈ ವಾರ್ನಿಶ್ ಕುಡಿಸಿದರೆ ತೇವ ತಡೆಯುತ್ತದೆ. ಕಾರ್ಖಾನೆಯಿಂದ ಬಂದ ಹಲಗೆಗಿಂತ ಇದು ಹೆಚ್ಚು ಬಾಳಿಕೆ ಬರುತ್ತದೆ.

ರೆಕ್ಸಿನ್ ಅಂಟಿಸಲು ಬಿಸಿ ತಾಳುವ ರಬ್ಬರ್ ಅಂಟು ಬೇಕು. ಎರಡೂ ಮೈಗೆ ತೆಳುವಾಗಿ ಹಚ್ಚಿ, ಬೆರಳಿಟ್ಟರೆ ಅಂಟು ಬೆರಳಿಗೆ ಬಾರದಷ್ಟು ಒಣಗಲು ಬಿಟ್ಟು, ನಡುವಿನಿಂದ ಅಂಚಿನತ್ತ ಒತ್ತುತ್ತ ಹೋಗಬೇಕು. ಮೂಲೆಗಳಲ್ಲಿ ಹಿಂದಕ್ಕೆ ಮಡಚುವಾಗ ಸಣ್ಣ ಸಣ್ಣ ತ್ರಿಕೋನಗಳನ್ನು ಕತ್ತರಿಸಿ ತೆಗೆದರೆ ನೆರಿಗೆ ಗಂಟುಕಟ್ಟುವುದಿಲ್ಲ. ಮೂಲ ರೆಕ್ಸಿನ್ ಮೇಲೆ ಒತ್ತಿ ಮೂಡಿಸಿದ ಗೆರೆಗಳನ್ನು ಮನೆಯಲ್ಲಿ ತರಲಾಗದು. ಅದಕ್ಕೆ ಯಂತ್ರ ಬೇಕು. ಹೊಲಿಗೆಯ ಗೆರೆ ಸಾಕೆನ್ನುವವರಿಗೆ ಊರಿನ ಕುಷನ್ ವರ್ಕ್ಸ್ ಅಂಗಡಿಯವರು ಹೊಲಿದುಕೊಡುತ್ತಾರೆ. ಅಂಥ ಅಂಗಡಿಯಲ್ಲಿ ಕೂತು ಕೆಲಸ ನೋಡಿದರೆ ಯಾವ ಪುಸ್ತಕಕ್ಕಿಂತ ಹೆಚ್ಚು ಕಲಿಯಬಹುದು. ಅವರ ಕೈಯ ಕತ್ತರಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು.

ಮನೆಯಲ್ಲಿ ಹೊದಿಸುವ ವಸ್ತು ಸುಲಭಕ್ಕೆ ಹೊತ್ತಿಕೊಳ್ಳದಂಥದ್ದಾಗಿರಲಿ. ಕಾರಿನ ಒಳವಸ್ತುಗಳಲ್ಲಿ ಬೆಂಕಿ ಎಷ್ಟು ವೇಗವಾಗಿ ಹರಡಬಹುದೆಂಬುದಕ್ಕೆ ಕಾನೂನಿನ ಮಿತಿಯಿದೆ. ಅಮೆರಿಕದಲ್ಲಿ 1972ರಿಂದ ಇರುವ ನಿಯಮದ ಪ್ರಕಾರ ಅದು ನಿಮಿಷಕ್ಕೆ 102 ಮಿಲಿಮೀಟರ್ ಮೀರಬಾರದು. ಭಾರತದಲ್ಲಿ ಇದಕ್ಕೆ ಐಎಸ್ 15061 ಎಂಬ ಮಾನಕವಿದೆ. ಸೋಫಾ ಬಟ್ಟೆಯನ್ನು ತಂದು ಕಾರಿಗೆ ಹೊದಿಸುವುದು ಈ ಕಾರಣಕ್ಕೇ ಸಲ್ಲದು.

ತೊಳೆತ

ಬಣ್ಣ ಹಚ್ಚಬೇಕಾದ ಪ್ಲಾಸ್ಟಿಕ್ ಭಾಗಗಳಿಗೆ ಮೊದಲು ಪಾತ್ರೆ ತೊಳೆಯುವ ದ್ರವ ಸೋಪು, ಬೆಚ್ಚಗಿನ ನೀರು, ಮೆದು ಬ್ರಷ್. ಚರ್ಮದಂಥ ಗೆರೆಗಳಿರುವ ಮೈಯಲ್ಲಿ ಕೊಳೆ ತಗ್ಗಿನೊಳಗೆ ಕೂತಿರುವುದರಿಂದ ಬ್ರಷ್ಷನ್ನು ಎಲ್ಲ ದಿಕ್ಕಿಗೂ ಆಡಿಸಬೇಕು. ತೊಳೆದು ಒಣಗಿಸಿದ ಮೇಲೆ ಬಣ್ಣದಂಗಡಿಯಲ್ಲಿ ಸಿಗುವ ಮೇಣ-ಜಿಡ್ಡು ತೆಗೆಯುವ ದ್ರಾವಣ. ಇದನ್ನು ಎರಡು ಬಟ್ಟೆಗಳಿಂದ ಮಾಡಬೇಕು. ಒಂದು ಬಟ್ಟೆ ದ್ರಾವಣದಲ್ಲಿ ತೋಯ್ದು ಒರೆಸಲು. ಇನ್ನೊಂದು, ಆ ದ್ರಾವಣ ಆರುವ ಮೊದಲೇ ಒಣದಾಗಿ ಎತ್ತಲು. ಒಂದೇ ಬಟ್ಟೆಯಲ್ಲಿ ಒರೆಸಿ ಆರಲು ಬಿಟ್ಟರೆ ಸಿಲಿಕೋನ್ ಕರಗಿ, ಹರಡಿ, ಮತ್ತೆ ಅಲ್ಲೇ ಕೂರುತ್ತದೆ. ಬಟ್ಟೆಯ ಮಗ್ಗುಲನ್ನು ಪ್ರತಿ ಸಲ ಬದಲಿಸಬೇಕು.

ಎಮರಿ ಕಾಗದ ಅಥವಾ ಸ್ಕಾಚ್‌ಬ್ರೈಟ್‌ನಿಂದ ಉಜ್ಜುವುದು ಇದಾದ ಮೇಲೆಯೇ. ಮೊದಲೇ ಉಜ್ಜಿದರೆ ಮೇಲಿದ್ದ ಸಿಲಿಕೋನನ್ನು ಗೀರುಗಳೊಳಗೆ ತುಂಬಿದಂತಾಗುತ್ತದೆ. ಉಜ್ಜಿದ ಬಳಿಕ ಇನ್ನೊಮ್ಮೆ ಅದೇ ಎರಡು ಬಟ್ಟೆಯ ಒರೆತ.

ಮೈ ಶುದ್ಧವಾಯಿತೇ ಎಂದು ನೋಡಲು ನೀರು ಚಿಮುಕಿಸುವ ರೂಢಿಯಿದೆ. ನೀರು ಹಾಳೆಯಂತೆ ಹರಡಿದರೆ ಶುದ್ಧ, ಹನಿಗಟ್ಟಿದರೆ ಜಿಡ್ಡು. ಪಾಲಿಪ್ರೊಪಿಲೀನಿನ ಮೇಲೆ ಈ ಪರೀಕ್ಷೆ ನಂಬುವಂಥದ್ದಲ್ಲ. ಎಷ್ಟು ಶುದ್ಧವಾಗಿದ್ದರೂ ಅದರ ಮೇಲೆ ನೀರು ಹನಿಗಟ್ಟುವುದೇ ಸಹಜ. ಅಲ್ಲಿ ಒರೆಸಿದ ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯಿತೇ ಎಂಬುದನ್ನು ನೋಡುವುದು ಲೇಸು.

ಥಿನ್ನರ್ ಮುಟ್ಟಬೇಡಿ. ಪಾಲಿಪ್ರೊಪಿಲೀನ್ ಅದನ್ನು ಹೇಗೋ ತಾಳಿಕೊಂಡೀತು, ಎಬಿಎಸ್ ಕ್ಷಣದಲ್ಲಿ ಕರಗಿ ಮಸುಕಾಗುತ್ತದೆ. ಮೀಟರುಗಳ ಮೇಲಿನ ಪಾರದರ್ಶಕ ಮುಚ್ಚಳಕ್ಕೆ ಸ್ಪಿರಿಟ್ ಕೂಡ ತಾಗಿಸಬಾರದು, ಕೂದಲೆಳೆಯ ಬಿರುಕು ಬಿಡುವ ಭಯವಿದೆ.

ಬಣ್ಣ

ಎಬಿಎಸ್‌ಗೆ ಸಾಮಾನ್ಯ ಪ್ಲಾಸ್ಟಿಕ್ ಪ್ರೈಮರ್ ನಡೆಯುತ್ತದೆ. ಪಾಲಿಪ್ರೊಪಿಲೀನಿಗೆ ಅದರದೇ ಆದ, ಡಬ್ಬದ ಮೇಲೆ ಪಿಪಿಗೆ ಎಂದು ಬರೆದಿರುವ ಅಂಟುವರ್ಧಕ ಪ್ರೈಮರ್ ಬೇಕೇಬೇಕು. ಕಾರ್ಖಾನೆಗಳಲ್ಲಿ ಪಿಪಿ ಬಂಪರ್‌ಗಳ ಮೈಮೇಲೆ ಬೆಂಕಿಯ ನಾಲಗೆ ಹಾಯಿಸಿ ಅದನ್ನು ಬಣ್ಣಕ್ಕೆ ಒಗ್ಗಿಸುವುದುಂಟು. ಮನೆಯಲ್ಲಿ ಆ ಕೆಲಸವನ್ನು ಈ ಪ್ರೈಮರ್ ಮಾಡುತ್ತದೆ. ಅದರ ಮೇಲೆ ಬಣ್ಣ ಎಷ್ಟು ಹೊತ್ತಿನೊಳಗೆ ಬೀಳಬೇಕೆಂಬುದು ಡಬ್ಬದ ಮೇಲಿರುತ್ತದೆ. ರೆಕ್ಸಿನ್‌ಗೆ ವಿನೈಲ್‌ಗೆಂದೇ ಮಾಡಿದ, ಬಾಗಿದರೂ ಬಿರಿಯದ ಬಣ್ಣವನ್ನೇ ಕೊಳ್ಳಬೇಕು.

ಬಣ್ಣ ಹೊಂದಿಸಲು ಅಂಗಡಿಗೆ ಪ್ಯಾಡಿನ ಮುಂಭಾಗ ತೋರಿಸಬೇಡಿ, ಅದು ಬಿಸಿಲಿಗೆ ಬಿಳಚಿರುತ್ತದೆ. ಹ್ಯಾಂಡಲ್ ಬಿಲ್ಲೆಯ ಅಡಿಯಲ್ಲಿ ಉಳಿದ ವೃತ್ತವೇ ಕಾರು ಹೊಸದಾಗಿದ್ದಾಗಿನ ನಿಜವಾದ ಬಣ್ಣ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಅದನ್ನು ನೋಡಿ ಹತ್ತಿರದ ಛಾಯೆ ಕೊಡುವವರು ಸಿಗುತ್ತಾರೆ.

ಹೊಳಪಿನ ಬಣ್ಣ ಬೇಡವೇ ಬೇಡ. ಡ್ಯಾಶ್‌ಬೋರ್ಡಿನ ಮೇಲ್ಭಾಗ ಹೊಳೆದರೆ ಮಧ್ಯಾಹ್ನದ ಬಿಸಿಲಲ್ಲಿ ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಮೂಡಿ ರಸ್ತೆಯೇ ಮಸುಕಾಗುತ್ತದೆ. ತಿಳಿಬಣ್ಣಕ್ಕೂ ಇದೇ ದೋಷವಿದೆ. ಮಂಕುಹೊಳಪಿನ ಗಾಢಬಣ್ಣವೇ ಅಲ್ಲಿಗೆ ಸರಿ.

ಸ್ಪ್ರೇ ಡಬ್ಬವನ್ನು 20-25 ಸೆಂಟಿಮೀಟರ್ ದೂರ ಹಿಡಿದು, ಕೈ ನಿಲ್ಲಿಸದೆ, ತೀರಾ ತೆಳುವಾದ ಮೂರು ನಾಲ್ಕು ಪದರ ಕೊಡಬೇಕು. ಮೊದಲ ಪದರದಲ್ಲಿ ಹಳೆಯ ಬಣ್ಣ ಅಲ್ಲಲ್ಲಿ ಕಾಣುತ್ತಿರಲಿ. ಒಂದೇ ಸಲ ಮುಚ್ಚಲು ಹೋದರೆ ಚರ್ಮದ ಗೆರೆಗಳೆಲ್ಲ ಬಣ್ಣದಡಿ ಮುಳುಗಿ, ಹೊದಿಕೆ ಬಕೆಟ್ಟಿನ ಪ್ಲಾಸ್ಟಿಕ್ ಆಗಿಬಿಡುತ್ತದೆ. ಹವೆಯೂ ನೋಡಬೇಕು. ಮಂಗಳೂರಿನ ಜುಲೈ ತೇವದಲ್ಲಿ ಬಣ್ಣ ಆರುವಾಗ ಮೈ ತಣ್ಣಗಾಗಿ, ಗಾಳಿಯ ನೀರು ಅದರ ಮೇಲಿಳಿದು ಬೂದುಬಿಳಿ ಮುಸುಕು ಕೂರುತ್ತದೆ. ವಿಜಯಪುರದ ಮೇ ಮಧ್ಯಾಹ್ನ ಬಣ್ಣದ ಹನಿ ಹಾರುವಾಗಲೇ ಒಣಗಿ ಪುಡಿಯಾಗಿ ಬೀಳುತ್ತದೆ. ಜನವರಿ, ಫೆಬ್ರವರಿಯ ಹಗಲು ನಾಡಿನ ಹೆಚ್ಚುಕಡಿಮೆ ಎಲ್ಲ ಕಡೆಗೂ ಒಗ್ಗುತ್ತದೆ.

ಗಟ್ಟಿಕಾರಕ ಬೆರೆಸುವ ಎರಡು ಡಬ್ಬದ ಪಿಯು ಬಣ್ಣವನ್ನು ಮನೆಯಲ್ಲಿ ಸ್ಪ್ರೇ ಮಾಡಕೂಡದು. ಅದರಲ್ಲಿನ ಐಸೊಸಯನೇಟ್ ಉಸಿರಿನೊಳಗೆ ಹೋದರೆ ಶಾಶ್ವತವಾಗಿ ಆಸ್ತಮಾ ಅಂಟಿಕೊಳ್ಳಬಹುದು, ಬಟ್ಟೆಯ ಮಾಸ್ಕ್ ಅದನ್ನು ತಡೆಯದು. ಸಾಮಾನ್ಯ ಸ್ಪ್ರೇ ಡಬ್ಬಕ್ಕೂ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಮತ್ತು ಬಯಲು ಬೇಕು.

ಅಂಟಂಟಾದ ಮೈ

1990ರ ದಶಕದ ಕೊನೆಯಿಂದೀಚಿನ ಅನೇಕ ಕಾರುಗಳಲ್ಲಿ, ಮುಖ್ಯವಾಗಿ ಯುರೋಪಿನವುಗಳಲ್ಲಿ, ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಮೆತ್ತನೆಯ ಸ್ಪರ್ಶ ಕೊಡುವ ಪಾಲಿಯುರಿಥೇನ್ ಲೇಪವಿದೆ. ಗಾಳಿಯ ತೇವ ಈ ಲೇಪದ ಅಣುಸರಪಳಿಯನ್ನು ಕಡಿಯುತ್ತ ಹೋಗಿ, ಕೆಲವು ವರ್ಷಗಳಲ್ಲಿ ಅದು ಬೆರಳಿಗೆ ಹತ್ತುವ ಕಪ್ಪು ಅಂಟಾಗುತ್ತದೆ. ಮೇಲೆ ಬಣ್ಣ ಹೊಡೆದು ಮುಚ್ಚುವ ಪ್ರಯತ್ನ ವ್ಯರ್ಥ, ಅಡಿಪಾಯವೇ ಕೊಳೆಯುತ್ತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೋಯ್ದ ಬಟ್ಟೆಯನ್ನು ಸ್ವಲ್ಪ ಹೊತ್ತು ಮೈಮೇಲಿಟ್ಟು ಉಜ್ಜಿದರೆ ಲೇಪ ಉಂಡೆಯುಂಡೆಯಾಗಿ ಎದ್ದುಬರುತ್ತದೆ. ಅಡಿಯ ಪ್ಲಾಸ್ಟಿಕ್ ಎಷ್ಟೋ ಸಲ ಅದೇ ಬಣ್ಣದ್ದಾಗಿದ್ದು, ಹಾಗೆಯೇ ಬಿಟ್ಟರೂ ಚೆನ್ನಾಗಿ ಕಾಣುತ್ತದೆ. ಸ್ವಿಚ್ಚುಗಳ ವಿಷಯದಲ್ಲಿ ಮಾತ್ರ ಕೈ ತಡೆಯಬೇಕು: ರಾತ್ರಿ ಬೆಳಗುವ ಅಕ್ಷರಗಳನ್ನು ಆ ಲೇಪವನ್ನೇ ಕೊರೆದು ಮೂಡಿಸಿರುತ್ತಾರೆ, ಲೇಪದೊಂದಿಗೆ ಅಕ್ಷರವೂ ಹೋಗುತ್ತದೆ.

ರೂಫ್ ಲೈನಿಂಗ್

ಚಾವಣಿಯ ಬಟ್ಟೆ ಜೋತುಬಿದ್ದರೆ ಅಂಟು ಬಿಟ್ಟಿದೆ ಎಂದು ಅನ್ನಿಸುತ್ತದೆ. ಹೆಚ್ಚಿನ ಕಾರುಗಳಲ್ಲಿ ಕೆಟ್ಟಿರುವುದು ಬಟ್ಟೆಯ ಹಿಂದಿನ ತೆಳು ಫೋಮ್. ಅದು ಪುಡಿಯಾಗಿರುವಾಗ ಮತ್ತೆ ಅಂಟು ಹಾಕಿದರೆ ಪುಡಿಗೆ ಅಂಟಿಸಿದಂತಾಯಿತು. ಇಡೀ ಹಲಗೆಯನ್ನು ಹಿಂಬಾಗಿಲಿನಿಂದ ಹೊರತೆಗೆದು, ಬಟ್ಟೆ ಸುಲಿದು, ಹಳೆಯ ಫೋಮನ್ನು ಬ್ರಷ್‌ನಿಂದ ಪೂರ್ತಿ ಉದುರಿಸಿ, ಫೋಮ್ ಸಹಿತದ ಹೊಸ ಬಟ್ಟೆಯನ್ನು ಬಿಸಿ ತಾಳುವ ಅಂಟಿನಿಂದ ಹೊದಿಸಬೇಕು. ಹಲಗೆ ಸುಲಭಕ್ಕೆ ಮುರಿಯುವುದರಿಂದ ಇಬ್ಬರು ಬೇಕು. ಪರದೆ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಈ ಕೆಲಸವನ್ನು ತಿಳಿದವರಿಗೇ ಬಿಡಬೇಕು.

ಮರಳಿ ಕೂರಿಸುವಾಗ

ಪ್ಯಾಡ್ ಒತ್ತಿ ಕೂರಿಸುವ ಮೊದಲೇ ಗಾಜು ಏರಿಳಿಸಿ, ಲಾಕ್ ಹಾಕಿ ತೆಗೆದು ನೋಡಬೇಕು. ಮುರಿದ ಕ್ಲಿಪ್ಪುಗಳ ಜಾಗಕ್ಕೆ ಹೊಸದನ್ನೇ ಹಾಕಬೇಕು. ಒಂದು ಕ್ಲಿಪ್ಪು ಕಡಿಮೆಯಾದರೂ ಹಳ್ಳದ ರಸ್ತೆಯಲ್ಲಿ ಪ್ಯಾಡ್ ಗಡಗಡ ಎನ್ನುತ್ತದೆ. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಉಜ್ಜುವ ಕಡೆ ಹಿಂಬದಿಯಲ್ಲಿ ಬಟ್ಟೆಯ ಟೇಪು ಅಂಟಿಸಿದರೆ ಕಿರಿಕಿರಿ ಸದ್ದು ನಿಲ್ಲುತ್ತದೆ. ಬಣ್ಣ ಮುಟ್ಟಲು ಒಣಗಿದಂತಿದ್ದರೂ ಪೂರ್ತಿ ಗಟ್ಟಿಯಾಗಲು ವಾರವಾದರೂ ಬೇಕು. ಅಲ್ಲಿಯವರೆಗೆ ಮೊಣಕೈ ಊರದೆ, ಗಾಜುಗಳನ್ನು ತುಸು ಇಳಿಸಿಟ್ಟು, ನೆರಳಲ್ಲಿ ನಿಲ್ಲಿಸಬೇಕು. ಆಮೇಲಿನ ಒರೆತಕ್ಕೆ ಹಿಂಡಿದ ಒದ್ದೆ ಬಟ್ಟೆ ಸಾಕು. ಮುಂದಿನ ಸಲ ಸರ್ವಿಸ್‌ಗೆ ಬಿಡುವಾಗ ಒಳಗೆ ಪಾಲಿಶ್ ಹಚ್ಚಬೇಡಿ ಎಂದು ಜಾಬ್ ಕಾರ್ಡಿನಲ್ಲೇ ಬರೆಸಬೇಕು.